ಕ್ಯಾಥೆಟರ್ ಸಂಬಂಧಿ ಹೃದಯ ರಕ್ತಹೆಪ್ಪಿನ ಹಾಸಿಗೆಬದಿಯ ಅಲ್ಟ್ರಾಸೌಂಡ್ ಪತ್ತೆ

ಕ್ಯಾಥೆಟರ್ ಸಂಬಂಧಿ ಹೃದಯ ರಕ್ತಹೆಪ್ಪು ಎಂದರೆ ಕತ್ತು, ಎದೆ ಅಥವಾ ತೊಡೆಸಂದಿನ ದೊಡ್ಡ ಅಭಿಧಮನಿಯ ಮೂಲಕ ಹೃದಯದ ಸಮೀಪಕ್ಕೆ ಇಳಿಸಿದ ಕೊಳವೆಯ ಕಾರಣದಿಂದ ಹೃದಯದೊಳಗೆ, ಸಾಮಾನ್ಯವಾಗಿ ಬಲ ಹೃತ್ಕರ್ಣದಲ್ಲಿ, ಕಟ್ಟಿಕೊಳ್ಳುವ ರಕ್ತದ ಗಡ್ಡೆ. ಡಯಾಲಿಸಿಸ್ ಪಡೆಯುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ತೀವ್ರ ನಿಗಾ ಘಟಕದಲ್ಲಿ ದೀರ್ಘಕಾಲ ಮಲಗಿರುವವರು ಮತ್ತು ನವಜಾತ ಶಿಶುಗಳಲ್ಲಿ ಇದು ಕಂಡುಬರುತ್ತದೆ. ಗಡ್ಡೆಯ ಒಂದು ಚೂರು ಕಳಚಿದರೂ ಅದು ರಕ್ತದೊಡನೆ ಶ್ವಾಸಕೋಶಕ್ಕೆ ಸಾಗಿ ಅಲ್ಲಿನ ಅಪಧಮನಿಯನ್ನು ಮುಚ್ಚಬಲ್ಲದು.

ಇಂಥ ರೋಗಿಯನ್ನು ಸ್ಕ್ಯಾನ್ ಕೊಠಡಿಗೆ ಒಯ್ಯುವುದೇ ಅಪಾಯಕರವಾಗಿರುವಾಗ, ಯಂತ್ರವನ್ನೇ ರೋಗಿಯ ಬಳಿಗೆ ತಂದು ಹೃದಯವನ್ನು ನೋಡುವ ವಿಧಾನಕ್ಕೆ ಹಾಸಿಗೆಬದಿಯ ಅಲ್ಟ್ರಾಸೌಂಡ್ ಎನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಗೆ ವಿಕಿರಣದ ಅಗತ್ಯವಿಲ್ಲ. ಬೇಕಾದಷ್ಟು ಸಲ ಪುನರಾವರ್ತಿಸಬಹುದು. ಆದರೆ ಇದರ ಎರಡು ಉತ್ತರಗಳಿಗೆ ಸಮಾನ ತೂಕವಿಲ್ಲ. ಗಡ್ಡೆ ಸ್ಪಷ್ಟವಾಗಿ ಕಂಡರೆ ಆ ಉತ್ತರವನ್ನು ಆಧರಿಸಿ ಚಿಕಿತ್ಸೆಯನ್ನು ಆರಂಭಿಸಬಹುದು. ಗಡ್ಡೆ ಕಾಣದಿದ್ದರೆ, ಅದು ಇಲ್ಲವೆಂದು ಅಷ್ಟರಿಂದಲೇ ಹೇಳಲಾಗದು.

## ಹೃದಯದ ಬಲಭಾಗ ಮತ್ತು ಕ್ಯಾಥೆಟರ್

ದೇಹದ ಎಲ್ಲೆಡೆಯಿಂದ ಮರಳುವ, ಆಮ್ಲಜನಕ ಕಡಿಮೆಯಾದ ರಕ್ತವು ಎರಡು ದೊಡ್ಡ ಅಭಿಧಮನಿಗಳ ಮೂಲಕ ಬಲ ಹೃತ್ಕರ್ಣವನ್ನು ಸೇರುತ್ತದೆ. ತಲೆ, ಕತ್ತು ಮತ್ತು ತೋಳುಗಳ ರಕ್ತವನ್ನು ಮೇಲಿನ ಮಹಾಅಭಿಧಮನಿಯೂ, ಹೊಟ್ಟೆ ಮತ್ತು ಕಾಲುಗಳ ರಕ್ತವನ್ನು ಕೆಳಗಿನ ಮಹಾಅಭಿಧಮನಿಯೂ ತರುತ್ತವೆ. ಅಲ್ಲಿಂದ ರಕ್ತವು ತ್ರಿದಳ ಕವಾಟವನ್ನು ದಾಟಿ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶದ ಅಪಧಮನಿಗೆ ತಳ್ಳಲ್ಪಡುತ್ತದೆ. ಬಲ ಹೃತ್ಕರ್ಣದಲ್ಲಿ ಕಳಚಿದ ಯಾವುದೇ ವಸ್ತುವಿಗೆ ಮುಂದಿನ ನಿಲ್ದಾಣ ಶ್ವಾಸಕೋಶವಾಗಿರುವುದು ಈ ಕಾರಣದಿಂದ.

ತೀವ್ರ ನಿಗಾ ಘಟಕದಲ್ಲಿ ರಕ್ತದೊತ್ತಡವನ್ನು ಏರಿಸುವ ಪ್ರಬಲ ಔಷಧಗಳನ್ನು ಕೈಯ ಸಣ್ಣ ರಕ್ತನಾಳದ ಮೂಲಕ ಹೆಚ್ಚು ಕಾಲ ಕೊಡುವುದು ಕಷ್ಟ. ಅವು ಹೊರಸೂಸಿದರೆ ಸುತ್ತಲಿನ ಚರ್ಮ ಮತ್ತು ಮಾಂಸಕ್ಕೆ ಹಾನಿಯಾಗುತ್ತದೆ. ಆದ್ದರಿಂದ ಕತ್ತಿನ ಅಥವಾ ಕೊರಳೆಲುಬಿನ ಕೆಳಗಿನ ಅಭಿಧಮನಿಯಲ್ಲಿ ಉದ್ದನೆಯ ಕೊಳವೆಯನ್ನು ಇಳಿಸಿ, ಅದರ ತುದಿಯು ಮೇಲಿನ ಮಹಾಅಭಿಧಮನಿಯ ಕೆಳಭಾಗದಲ್ಲಿ ನಿಲ್ಲುವಂತೆ ಮಾಡುತ್ತಾರೆ. ಡಯಾಲಿಸಿಸ್ ಕ್ಯಾಥೆಟರ್ ಇನ್ನಷ್ಟು ದಪ್ಪವಾಗಿದ್ದು, ಎರಡು ಒಳದಾರಿಗಳನ್ನು ಹೊಂದಿರುತ್ತದೆ. ಚರ್ಮದಡಿ ಸುರಂಗ ಮಾಡಿ ಕೂರಿಸುವ ದೀರ್ಘಾವಧಿಯ ಡಯಾಲಿಸಿಸ್ ಕ್ಯಾಥೆಟರಿನ ತುದಿಯನ್ನು, ರಕ್ತದ ಹರಿವು ಧಾರಾಳವಾಗಿ ದೊರೆಯಲೆಂದು, ಸಾಮಾನ್ಯವಾಗಿ ಬಲ ಹೃತ್ಕರ್ಣದೊಳಗೇ ಇರಿಸಲಾಗುತ್ತದೆ.

## ಹೆಪ್ಪು ಕಟ್ಟುವ ಬಗೆ

ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ತ್ರಿಸೂತ್ರದ ಪ್ರಕಾರ ರಕ್ತನಾಳದೊಳಗೆ ಹೆಪ್ಪು ಕಟ್ಟಲು ಮೂರು ಕಾರಣಗಳಿವೆ: ರಕ್ತನಾಳದ ಒಳಪದರಕ್ಕೆ ಗಾಯ, ರಕ್ತದ ಹರಿವಿನಲ್ಲಿ ನಿಧಾನಗತಿ, ಹಾಗೂ ರಕ್ತದಲ್ಲೇ ಹೆಪ್ಪುಗಟ್ಟುವ ಪ್ರವೃತ್ತಿಯ ಹೆಚ್ಚಳ. ಕ್ಯಾಥೆಟರ್ ಇರುವ ತೀವ್ರ ಅಸ್ವಸ್ಥ ರೋಗಿಯಲ್ಲಿ ಈ ಮೂರೂ ಒಟ್ಟಿಗೆ ಸೇರಬಹುದು.

ಹೃದಯದ ಪ್ರತಿ ಮಿಡಿತಕ್ಕೂ ಕೊಳವೆಯ ತುದಿ ಹೃತ್ಕರ್ಣದ ಗೋಡೆಯನ್ನು ಉಜ್ಜುತ್ತದೆ. ಕೊಳವೆಯ ಸುತ್ತ ಹರಿವು ಕದಡುತ್ತದೆ. ಸೋಂಕು, ಕ್ಯಾನ್ಸರ್, ಶಸ್ತ್ರಚಿಕಿತ್ಸೆ, ನಿರ್ಜಲೀಕರಣ ಮುಂತಾದವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತವೆ. ಇದಲ್ಲದೆ ದೇಹವು ಪರಕೀಯ ವಸ್ತುವಾದ ಕ್ಯಾಥೆಟರಿನ ಹೊರಮೈಗೆ ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನಿನ ತೆಳುಹೊದಿಕೆಯನ್ನು ಬೇಗನೆ ಹೊದಿಸುತ್ತದೆ. ಹೊಳೆಯ ಮಧ್ಯದಲ್ಲಿ ನೆಟ್ಟ ಗೂಟಕ್ಕೆ ಮೊದಲು ಪಾಚಿ ಹಿಡಿದು, ಅನಂತರ ಕಸಕಡ್ಡಿ ಸಿಕ್ಕಿಕೊಳ್ಳುವಂತೆ, ಈ ಹೊದಿಕೆಯ ಮೇಲೆ ರಕ್ತಕಣಗಳು ಸೇರಿ ಗಡ್ಡೆ ಬೆಳೆಯಬಹುದು. ಹೊದಿಕೆ ಮೂಡಿದ ಎಲ್ಲರಲ್ಲಿಯೂ ಗಡ್ಡೆ ಬೆಳೆಯುವುದಿಲ್ಲ. ಗಡ್ಡೆ ಬೆಳೆದವರಲ್ಲಿಯೂ ಹಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಬಲ ಹೃದಯದ ಹೆಪ್ಪುಗಳನ್ನು ರೂಪದ ಆಧಾರದ ಮೇಲೆ ಮೂರು ವರ್ಗಗಳಾಗಿ ವಿಂಗಡಿಸುವ ಪದ್ಧತಿಯು 1989ರಲ್ಲಿ ಪ್ರಕಟವಾದ ಯುರೋಪಿನ ಒಂದು ಸಹಕಾರಿ ಅಧ್ಯಯನದಿಂದ ಬಂದಿದೆ.

* ಎ ವರ್ಗ: ಉದ್ದವಾಗಿ, ಹುಳುವಿನಂತೆ ಹೊರಳಾಡುವ ಹೆಪ್ಪು. ಇದು ಬಹುಮಟ್ಟಿಗೆ ಕಾಲಿನ ಆಳದ ಅಭಿಧಮನಿಯಲ್ಲಿ ಹುಟ್ಟಿ ಶ್ವಾಸಕೋಶದತ್ತ ಹೊರಟಿರುವಂಥದು; ಅತ್ಯಂತ ಅಪಾಯಕಾರಿ.
* ಬಿ ವರ್ಗ: ಹೃದಯದ ಗೋಡೆಗೆ ಅಗಲವಾಗಿ ಅಂಟಿಕೊಂಡು ಅಲುಗಾಡದೆ ಇರುವ ಹೆಪ್ಪು. ಇದು ಹೃದಯದಲ್ಲಿಯೇ ಹುಟ್ಟಿದ್ದು.
* ಸಿ ವರ್ಗ: ತೊಟ್ಟಿನಿಂದ ಜೋತುಬಿದ್ದು ಓಲಾಡುವ, ಹೃದಯದ ಗೆಡ್ಡೆಯನ್ನು ಹೋಲುವ ಅಪರೂಪದ ಹೆಪ್ಪು.

ಕ್ಯಾಥೆಟರಿನಿಂದ ಹುಟ್ಟಿದ ಹೆಪ್ಪು ಗೋಡೆಗೆ, ಕೊಳವೆಯ ತುದಿಗೆ ಅಥವಾ ಎರಡಕ್ಕೂ ಅಂಟಿರಬಹುದು. ಯಾವುದಕ್ಕೆ ಅಂಟಿದೆ ಎಂಬ ಪ್ರಶ್ನೆಗೆ ಚಿಕಿತ್ಸೆಯಲ್ಲಿ ವಿಶೇಷ ಮಹತ್ವವಿದೆ.

## ಸಂಶಯ ಹುಟ್ಟಿಸುವ ಲಕ್ಷಣಗಳು

ಈ ಸ್ಥಿತಿಗೆ ತನ್ನದೇ ಆದ ವಿಶಿಷ್ಟ ಲಕ್ಷಣವಿಲ್ಲ. ಕೆಳಗಿನವು ಕಂಡಾಗ ವೈದ್ಯರು ಹೃದಯವನ್ನು ನೋಡಲು ಮುಂದಾಗುತ್ತಾರೆ.

* ಕ್ಯಾಥೆಟರಿನ ಮೂಲಕ ಔಷಧ ಒಳಗೆ ಹೋಗುತ್ತದೆ, ಆದರೆ ರಕ್ತವನ್ನು ಹೊರಗೆ ಎಳೆಯಲು ಬರುವುದಿಲ್ಲ. ಅಥವಾ ಡಯಾಲಿಸಿಸ್ ಯಂತ್ರದಲ್ಲಿ ಹರಿವು ಪದೇ ಪದೇ ಕುಸಿಯುತ್ತದೆ.
* ಸೂಕ್ತ ಆ್ಯಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯುವುದಿಲ್ಲ; ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬ್ಯಾಕ್ಟೀರಿಯಾ ಸಿಗುತ್ತದೆ.
* ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ, ಆಮ್ಲಜನಕದ ಮಟ್ಟದಲ್ಲಿ ಇಳಿತ, ರಕ್ತದೊತ್ತಡದ ಕುಸಿತ ಅಥವಾ ಹೃದಯಸ್ತಂಭನ.
* ಹೃದಯದ ಲಯ ತಪ್ಪುವುದು, ಅಥವಾ ಹೊಸದಾಗಿ ಮರ್ಮರ ಶಬ್ದ ಕೇಳಿಬರುವುದು.
* ಕ್ಯಾಥೆಟರ್ ಇರುವ ಬದಿಯ ತೋಳು, ಕತ್ತು ಅಥವಾ ಮುಖದ ಊತ.

ರಕ್ತದ ಡಿ-ಡೈಮರ್ ಪರೀಕ್ಷೆಯು ಹೊರರೋಗಿಗಳಲ್ಲಿ ಹೆಪ್ಪನ್ನು ತಳ್ಳಿಹಾಕಲು ನೆರವಾಗುತ್ತದೆ. ತೀವ್ರ ನಿಗಾ ಘಟಕದಲ್ಲಿ ಅದರ ಪ್ರಯೋಜನ ಕಡಿಮೆ. ಸೋಂಕು, ಗಾಯ, ಶಸ್ತ್ರಚಿಕಿತ್ಸೆ ಎಲ್ಲವೂ ಅದರ ಮಟ್ಟವನ್ನು ಏರಿಸುತ್ತವೆ. ಎದೆಯ ಎಕ್ಸ್-ರೇ ಚಿತ್ರದಲ್ಲಿ ಕ್ಯಾಥೆಟರಿನ ತುದಿ ಎಲ್ಲಿದೆ ಎಂಬುದು ಗೊತ್ತಾಗುತ್ತದೆ, ಹೆಪ್ಪು ಕಾಣುವುದಿಲ್ಲ.

## ಪರೀಕ್ಷೆಯ ವಿಧಾನ

### ಉಪಕರಣ

ಅಲ್ಟ್ರಾಸೌಂಡ್ ಯಂತ್ರವು ಮನುಷ್ಯನ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನದ ಶಬ್ದತರಂಗಗಳನ್ನು ದೇಹದೊಳಕ್ಕೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರವನ್ನು ಕಟ್ಟುತ್ತದೆ. ಹೃದಯ ಪರೀಕ್ಷೆಗೆ ಪಕ್ಕೆಲುಬುಗಳ ಸಂದಿನಲ್ಲಿ ಕೂರುವ ಚಿಕ್ಕ ಮುಖದ, ಸುಮಾರು 1ರಿಂದ 5 ಮೆಗಾಹರ್ಟ್ಸ್ ಆವರ್ತನದ ಪ್ರೋಬ್ ಬಳಸುತ್ತಾರೆ. ಕತ್ತಿನ ಅಭಿಧಮನಿಯಂಥ ಮೇಲ್ಮೈಗೆ ಹತ್ತಿರದ ರಚನೆಗಳನ್ನು ನೋಡಲು ಇನ್ನೂ ಹೆಚ್ಚಿನ ಆವರ್ತನದ, ಚಪ್ಪಟೆ ಮುಖದ ಪ್ರೋಬ್ ಬೇಕಾಗುತ್ತದೆ. ಆವರ್ತನ ಹೆಚ್ಚಿದಂತೆ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ತರಂಗವು ಆಳಕ್ಕೆ ಇಳಿಯುವುದಿಲ್ಲ.

### ನೋಡುವ ಕೋನಗಳು

ಎಲುಬು ಮತ್ತು ಗಾಳಿ ಎರಡೂ ಶಬ್ದತರಂಗಕ್ಕೆ ಅಡ್ಡಿ. ಆದ್ದರಿಂದ ಹೃದಯವನ್ನು ಕೆಲವು ನಿಶ್ಚಿತ ಕಿಂಡಿಗಳಿಂದ ಮಾತ್ರ ನೋಡಬಹುದು.

* ಪಕ್ಕೆಲುಬಿನ ಕೆಳಗಿನ ನೋಟ: ಪ್ರೋಬನ್ನು ಎದೆಮೂಳೆಯ ತುದಿಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಇಟ್ಟು ಎದೆಯ ಕಡೆಗೆ ಓರೆಯಾಗಿಸಲಾಗುತ್ತದೆ. ವೆಂಟಿಲೇಟರಿನಲ್ಲಿರುವ ರೋಗಿಯ ಉಬ್ಬಿದ ಶ್ವಾಸಕೋಶಗಳು ಬೇರೆ ಕಿಂಡಿಗಳನ್ನು ಮುಚ್ಚಿದಾಗಲೂ ಇದು ತೆರೆದಿರುವ ಸಾಧ್ಯತೆ ಹೆಚ್ಚು. ಕೆಳಗಿನ ಮಹಾಅಭಿಧಮನಿ ಬಲ ಹೃತ್ಕರ್ಣವನ್ನು ಸೇರುವ ಜಾಗ ಇಲ್ಲಿ ಕಾಣುತ್ತದೆ.
* ಹೃದಯದ ತುದಿಯಿಂದ ನಾಲ್ಕು ಕೋಣೆಗಳ ನೋಟ: ಎರಡು ಹೃತ್ಕರ್ಣಗಳೂ ಎರಡು ಹೃತ್ಕುಕ್ಷಿಗಳೂ ಒಂದೇ ಚಿತ್ರದಲ್ಲಿ ಬರುತ್ತವೆ. ಹೆಪ್ಪು ತ್ರಿದಳ ಕವಾಟವನ್ನು ದಾಟುತ್ತಿದೆಯೇ, ಬಲ ಹೃತ್ಕುಕ್ಷಿ ಹಿಗ್ಗಿದೆಯೇ ಎಂಬುದನ್ನು ತಿಳಿಯಲು ಇದು ಉತ್ತಮ.
* ಎದೆಮೂಳೆಯ ಪಕ್ಕದ ನೋಟಗಳು: ಬಲ ಹೃತ್ಕುಕ್ಷಿಗೆ ರಕ್ತ ಒಳಬರುವ ದಾರಿಯೂ ಶ್ವಾಸಕೋಶದ ಅಪಧಮನಿಯ ಆರಂಭದ ಭಾಗವೂ ಇಲ್ಲಿ ಕಾಣುತ್ತವೆ.
* ಕತ್ತಿನ ಅಭಿಧಮನಿಯ ನೋಟ: ಪ್ರೋಬಿನಿಂದ ಮೆಲ್ಲನೆ ಒತ್ತಿದಾಗ ಆರೋಗ್ಯವಂತ ಅಭಿಧಮನಿ ಪೂರ್ತಿ ಮಡಚಿಕೊಳ್ಳುತ್ತದೆ. ಒಳಗೆ ಹೆಪ್ಪಿದ್ದರೆ ಮಡಚಿಕೊಳ್ಳುವುದಿಲ್ಲ.

### ಉತ್ತರಿಸಬೇಕಾದ ಪ್ರಶ್ನೆಗಳು

ಹಾಸಿಗೆಬದಿಯ ಪರೀಕ್ಷೆಯು ಹೃದಯದ ಸಮಗ್ರ ಅಧ್ಯಯನವಲ್ಲ. ಕೆಲವು ನಿರ್ದಿಷ್ಟ ಪ್ರಶ್ನೆಗಳಿಗೆ ಅದು ಉತ್ತರ ಹುಡುಕುತ್ತದೆ.

1. ಕ್ಯಾಥೆಟರಿನ ತುದಿ ಎಲ್ಲಿದೆ?
2. ಬಲ ಹೃತ್ಕರ್ಣದಲ್ಲಿ ಹೆಚ್ಚುವರಿ ವಸ್ತುವೊಂದು ಕಾಣುತ್ತಿದೆಯೇ? ಅದು ಕನಿಷ್ಠ ಎರಡು ಕೋನಗಳಿಂದ ಕಾಣುತ್ತಿದೆಯೇ?
3. ಅದು ಕೊಳವೆಗೆ ಅಂಟಿದೆಯೇ, ಗೋಡೆಗೆ ಅಂಟಿದೆಯೇ?
4. ಅದರ ಅಳತೆ ಎಷ್ಟು? ಅದು ಓಲಾಡುತ್ತಿದೆಯೇ, ಕವಾಟವನ್ನು ದಾಟುತ್ತಿದೆಯೇ?
5. ಬಲ ಹೃತ್ಕುಕ್ಷಿಯ ಮೇಲೆ ಒತ್ತಡ ಬಿದ್ದಿರುವ ಚಿಹ್ನೆಗಳಿವೆಯೇ?

ಕೊನೆಯ ಪ್ರಶ್ನೆ ಶ್ವಾಸಕೋಶಕ್ಕೆ ಈಗಾಗಲೇ ಚೂರುಗಳು ಹೋಗಿವೆಯೇ ಎಂಬುದರ ಸುಳಿವು ನೀಡುತ್ತದೆ. ದೊಡ್ಡ ತಡೆ ಉಂಟಾಗಿದ್ದರೆ ಬಲ ಹೃತ್ಕುಕ್ಷಿ ಹಿಗ್ಗಿ ಎಡದ್ದಕ್ಕಿಂತ ದೊಡ್ಡದಾಗಬಹುದು. ನಡುವಿನ ಗೋಡೆ ಎಡಕ್ಕೆ ಒತ್ತಲ್ಪಟ್ಟು ಚಪ್ಪಟೆಯಾಗಬಹುದು. ಕೆಳಗಿನ ಮಹಾಅಭಿಧಮನಿ ಉಬ್ಬಿ ಉಸಿರಾಟದೊಂದಿಗೆ ಬದಲಾಗದೆ ನಿಲ್ಲಬಹುದು. ಇವೇ ಚಿಹ್ನೆಗಳು ಹಳೆಯ ಶ್ವಾಸಕೋಶದ ಕಾಯಿಲೆಯಲ್ಲಿಯೂ ಕಾಣಬಹುದಾದ್ದರಿಂದ ರೋಗಿಯ ಹಿಂದಿನ ಸ್ಥಿತಿಯೊಡನೆ ಹೋಲಿಸುವುದು ಅವಶ್ಯ.

### ಹೆಪ್ಪಿನ ಚಹರೆ

ಕ್ಯಾಥೆಟರ್ ಪರದೆಯ ಮೇಲೆ ಎರಡು ಸಮಾನಾಂತರ ಬಿಳಿಗೆರೆಗಳಾಗಿ ಕಾಣುತ್ತದೆ. ಹೆಪ್ಪು ಅದಕ್ಕೆ ತಗುಲಿದ, ಅಂಚು ಸಮವಿಲ್ಲದ ಬೂದು ಬಣ್ಣದ ಮುದ್ದೆಯಂತೆ ತೋರಬಹುದು. ಹೊಸ ಹೆಪ್ಪು ಮೆದುವಾಗಿದ್ದು ಮಸುಕಾಗಿ ಕಂಡರೆ, ಹಳೆಯದು ಹೆಚ್ಚು ಬೆಳ್ಳಗೆ ಕಾಣುತ್ತದೆ. ಕೆಲವೊಮ್ಮೆ ಅದರ ಅಂಚಿನಲ್ಲಿ ಸುಣ್ಣದ ಅಂಶ ಸೇರಿರುತ್ತದೆ. ಕೊಳವೆ ಸ್ಥಿರವಾಗಿರುವಾಗ ಅದರ ಮೇಲಿನ ವಸ್ತು ತನ್ನಷ್ಟಕ್ಕೆ ಓಲಾಡುತ್ತಿದ್ದರೆ, ಕೊಳವೆಯ ಹೊರತಾಗಿ ಮತ್ತೊಂದು ವಸ್ತುವಿದೆ ಎಂಬ ಸಂಶಯ ಬಲವಾಗುತ್ತದೆ.

ಚಿತ್ರ ಸಂದಿಗ್ಧವಾಗಿದ್ದಾಗ ಕಲಕಿದ ಸಲೈನ್ ಪರೀಕ್ಷೆ ಸಹಾಯಕ್ಕೆ ಬರುತ್ತದೆ. ಸುಮಾರು 9 ಮಿ.ಲೀ. ಸಲೈನ್ ಮತ್ತು 1 ಮಿ.ಲೀ. ಗಾಳಿಯನ್ನು ಎರಡು ಸಿರಿಂಜುಗಳ ನಡುವೆ ರಭಸವಾಗಿ ಹಾಯಿಸಿದಾಗ ಸಣ್ಣ ಗುಳ್ಳೆಗಳು ಮೂಡುತ್ತವೆ. ಅದನ್ನು ಅಭಿಧಮನಿಗೆ ಕೊಟ್ಟಾಗ ಹೃತ್ಕರ್ಣ ಬೆಳ್ಳಗೆ ತುಂಬಿಕೊಳ್ಳುತ್ತದೆ. ಹೆಪ್ಪಿರುವ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಗುಳ್ಳೆಗಳು ಎಡ ಹೃತ್ಕರ್ಣಕ್ಕೆ ದಾಟಿದರೆ ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ರಂಧ್ರವಿರುವುದು ಪತ್ತೆಯಾಗುತ್ತದೆ. ಭ್ರೂಣಾವಸ್ಥೆಯಲ್ಲಿ ಎಲ್ಲರಲ್ಲಿಯೂ ಇರುವ ಈ ದ್ವಾರ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಅಂಥವರಲ್ಲಿ ಬಲಭಾಗದ ಹೆಪ್ಪಿನ ಚೂರು ಎಡಕ್ಕೆ ದಾಟಿ ಮಿದುಳನ್ನು ತಲುಪಿ ಪಾರ್ಶ್ವವಾಯು ಉಂಟುಮಾಡಬಹುದು. ಇಂಥ ದ್ವಾರ ಇರುವುದು ಮೊದಲೇ ತಿಳಿದಿದ್ದರೆ ಗುಳ್ಳೆಗಳ ಪರೀಕ್ಷೆಯನ್ನೂ ಎಚ್ಚರದಿಂದ ಮಾಡಬೇಕಾಗುತ್ತದೆ.

## ಹೆಪ್ಪೆಂದು ಭ್ರಮೆ ಹುಟ್ಟಿಸುವ ರಚನೆಗಳು

ಬಲ ಹೃತ್ಕರ್ಣದಲ್ಲಿ ಇರುವ ಕೆಲವು ನಿರುಪದ್ರವಿ ರಚನೆಗಳು ಹೆಪ್ಪಿನಂತೆ ತೋರುತ್ತವೆ.

* ಯೂಸ್ಟೇಶಿಯನ್ ಕವಾಟ: ಕೆಳಗಿನ ಮಹಾಅಭಿಧಮನಿಯ ಬಾಯಿಯಲ್ಲಿರುವ ಮಡಿಕೆ. ಭ್ರೂಣದಲ್ಲಿ ರಕ್ತವನ್ನು ಎಡ ಹೃತ್ಕರ್ಣದತ್ತ ತಿರುಗಿಸುವುದು ಇದರ ಕೆಲಸ. ಹುಟ್ಟಿದ ಮೇಲೆ ಅವಶೇಷವಾಗಿ ಉಳಿಯುತ್ತದೆ.
* ಕಿಯಾರಿ ಜಾಲ: ಬಲೆಯಂತಿರುವ ತೆಳು ಎಳೆಗಳು. ರಕ್ತಪ್ರವಾಹದಲ್ಲಿ ಚುರುಕಾಗಿ ಅಲೆದಾಡುವುದರಿಂದ ಸುಲಭವಾಗಿ ಮೋಸಗೊಳಿಸುತ್ತದೆ.
* ಕ್ರಿಸ್ಟಾ ಟರ್ಮಿನಾಲಿಸ್: ಹೃತ್ಕರ್ಣದ ಒಳಗೋಡೆಯ ಸ್ನಾಯುವಿನ ಏಣು.
* ಕೊಬ್ಬು ತುಂಬಿದ ನಡುಗೋಡೆ: ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಕೊಬ್ಬು ಶೇಖರವಾಗಿ ದಪ್ಪಗಾಗಿರುವುದು.

ನಿಜವಾದ ರೋಗಗಳಲ್ಲಿಯೂ ಎರಡನ್ನು ಬೇರ್ಪಡಿಸಿ ನೋಡಬೇಕು. ಸೋಂಕಿನಿಂದ ಕವಾಟದ ಮೇಲೆ ಬೆಳೆಯುವ ಮುದ್ದೆಗೆ ದೀರ್ಘಾವಧಿಯ ಆ್ಯಂಟಿಬಯಾಟಿಕ್ ಬೇಕು. ಮಿಕ್ಸೋಮಾ ಎಂಬ ಹೃದಯದ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಬೇಕು. ಹೆಪ್ಪು ಸ್ವತಃ ಸೋಂಕಿಗೆ ತುತ್ತಾಗಿರುವುದೂ ಉಂಟು. ಚಿತ್ರವೊಂದರಿಂದಲೇ ಇವನ್ನು ಬಿಡಿಸಿ ಹೇಳುವುದು ಯಾವಾಗಲೂ ಸಾಧ್ಯವಾಗದು. ರಕ್ತದ ಕಲ್ಚರ್, ಹಳೆಯ ಎಕೋ ವರದಿ, ಚಿಕಿತ್ಸೆಗೆ ಗಡ್ಡೆ ಕರಗಿದ ಬಗೆ, ಇವೆಲ್ಲವನ್ನೂ ಸೇರಿಸಿ ತೀರ್ಮಾನಕ್ಕೆ ಬರಲಾಗುತ್ತದೆ.

## ಮಿತಿಗಳು ಮತ್ತು ಪೂರಕ ಪರೀಕ್ಷೆಗಳು

ಎದೆಯ ಹೊರಗಿನಿಂದ ನೋಡುವಾಗ ಮೇಲಿನ ಮಹಾಅಭಿಧಮನಿ ಮತ್ತು ಬಲ ಹೃತ್ಕರ್ಣ ಸೇರುವ ಸಂಧಿ ಆಳದಲ್ಲಿ ಅಡಗಿರುತ್ತದೆ. ಕ್ಯಾಥೆಟರಿನ ತುದಿ ಇರುವುದೂ, ಹೆಪ್ಪು ಹುಟ್ಟುವ ಸಾಧ್ಯತೆ ಇರುವುದೂ ಬಹುವಾಗಿ ಅಲ್ಲಿಯೇ. ಸ್ಥೂಲಕಾಯ, ಎದೆಯ ಮೇಲಿನ ಬ್ಯಾಂಡೇಜ್, ವೆಂಟಿಲೇಟರಿನ ಒತ್ತಡ, ಎಡಮಗ್ಗುಲಿಗೆ ಹೊರಳಲಾಗದ ರೋಗಿ, ಪರೀಕ್ಷಕರ ಅನುಭವದ ಕೊರತೆ ಇವೆಲ್ಲ ಚಿತ್ರವನ್ನು ಇನ್ನಷ್ಟು ಮಸುಕಾಗಿಸುತ್ತವೆ. ಹೀಗಾಗಿ "ಹೆಪ್ಪು ಕಂಡುಬಂದಿಲ್ಲ" ಎಂಬ ವರದಿಯ ಜೊತೆಗೆ, ಯಾವ ಭಾಗಗಳು ಸ್ಪಷ್ಟವಾಗಿ ಕಂಡವು, ಯಾವುವು ಕಾಣಲಿಲ್ಲ ಎಂಬುದನ್ನೂ ಬರೆದಿದ್ದರೆ ಮಾತ್ರ ಆ ವರದಿಗೆ ಅರ್ಥವಿರುತ್ತದೆ.

ಸಂಶಯ ಬಲವಾಗಿ ಉಳಿದಾಗ ಅನ್ನನಾಳದ ಮೂಲಕ ಮಾಡುವ ಎಕೋ ಪರೀಕ್ಷೆಯ ಮೊರೆಹೋಗುತ್ತಾರೆ. ಅನ್ನನಾಳವು ಹೃದಯದ ಬೆನ್ನಿಗೇ ಹೊಂದಿಕೊಂಡಿರುವುದರಿಂದ ಅಲ್ಲಿಂದ ಎರಡೂ ಮಹಾಅಭಿಧಮನಿಗಳು ಹೃತ್ಕರ್ಣವನ್ನು ಸೇರುವ ಜಾಗ ನಿಚ್ಚಳವಾಗಿ ಕಾಣುತ್ತದೆ. ಇದನ್ನೂ ಹಾಸಿಗೆಯ ಬದಿಯಲ್ಲಿಯೇ ಮಾಡಬಹುದು. ಆದರೆ ಇದಕ್ಕೆ ವಿಶೇಷ ಪ್ರೋಬ್, ತರಬೇತಾದ ವೈದ್ಯರು ಮತ್ತು ನಿದ್ರಾಜನಕ ಬೇಕು. ಅನ್ನನಾಳದ ಕಾಯಿಲೆ ಅಥವಾ ರಕ್ತಸ್ರಾವದ ಭಯವಿರುವವರಲ್ಲಿ ಅಪಾಯವೂ ಇದೆ. ಸಿ.ಟಿ. ಸ್ಕ್ಯಾನ್ ಶ್ವಾಸಕೋಶದ ತಡೆಯನ್ನು ಚೆನ್ನಾಗಿ ತೋರಿಸುತ್ತದೆ. ಹೃತ್ಕರ್ಣದೊಳಗೆ ಮಾತ್ರ ಬಣ್ಣದ ದ್ರವವೂ ರಕ್ತವೂ ಸರಿಯಾಗಿ ಬೆರೆಯದೆ ಹುಸಿ ಹೆಪ್ಪಿನ ನೆರಳು ಮೂಡಬಹುದು. ಎಂ.ಆರ್.ಐ. ಪರೀಕ್ಷೆಯು ಹೆಪ್ಪು ಮತ್ತು ಗೆಡ್ಡೆಗಳ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ. ತೀವ್ರ ಅಸ್ವಸ್ಥರನ್ನು ಅಲ್ಲಿಗೆ ಒಯ್ಯುವುದು ಕಷ್ಟ.

## ಫಲಿತಾಂಶವನ್ನು ಆಧರಿಸಿದ ಚಿಕಿತ್ಸೆ

ಕೆಲಸ ಮಾಡದ ಕ್ಯಾಥೆಟರನ್ನು ತಕ್ಷಣ ಕಿತ್ತುಹಾಕುವುದು ಸಹಜ ಪ್ರವೃತ್ತಿ. ತುದಿಗೆ ದೊಡ್ಡ ಹೆಪ್ಪು ಜೋತುಬಿದ್ದಿದ್ದರೆ, ಎಳೆಯುವಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಹೆಪ್ಪಿನ ಸಂಶಯವಿರುವಲ್ಲಿ ಎಳೆಯುವ ಮೊದಲು ಒಮ್ಮೆ ನೋಡುವುದಕ್ಕೆ ಹಾಸಿಗೆಬದಿಯ ಅಲ್ಟ್ರಾಸೌಂಡ್ ಅವಕಾಶ ಕೊಡುತ್ತದೆ.

ಹೆಪ್ಪು ಖಚಿತವಾದರೆ ಹೆಪ್ಪುರೋಧಕ ಔಷಧವೇ ಚಿಕಿತ್ಸೆಯ ಬುನಾದಿ. ಮೊದಲು ಹೆಪಾರಿನ್ ಚುಚ್ಚುಮದ್ದು, ಅನಂತರ ವಾರ್ಫರಿನ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಕೊಡುತ್ತಾರೆ. ಕ್ಯಾಥೆಟರಿನ ಅಗತ್ಯ ಮುಗಿದಿದ್ದರೆ, ಅದು ಕೆಲಸ ಮಾಡದಿದ್ದರೆ ಅಥವಾ ಸೋಂಕಿಗೆ ಒಳಗಾಗಿದ್ದರೆ, ಅದನ್ನು ಯಾವಾಗ, ಹೇಗೆ ತೆಗೆಯಬೇಕೆಂದು ತಜ್ಞರು ನಿರ್ಧರಿಸುತ್ತಾರೆ. ಡಯಾಲಿಸಿಸ್‌ಗೆ ಬೇರೆ ದಾರಿಯೇ ಇಲ್ಲದ ರೋಗಿಯಲ್ಲಿ ಈ ನಿರ್ಧಾರ ಕಠಿಣ. ಹೆಪ್ಪು ದೊಡ್ಡದಾಗಿ ಓಲಾಡುತ್ತಿದ್ದರೆ, ರಕ್ತದೊತ್ತಡ ಕುಸಿದಿದ್ದರೆ ಅಥವಾ ಔಷಧದಿಂದ ಗುಣ ಕಾಣದಿದ್ದರೆ, ಹೆಪ್ಪು ಕರಗಿಸುವ ಔಷಧ, ಕೊಳವೆಯ ಮೂಲಕ ಹೀರಿ ತೆಗೆಯುವ ವಿಧಾನ ಅಥವಾ ತೆರೆದ ಹೃದಯ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಚಿಕಿತ್ಸೆ ಫಲ ಕೊಡುತ್ತಿದೆಯೇ ಎಂಬುದನ್ನು ಮತ್ತೆ ಮತ್ತೆ ಎಕೋ ಮಾಡಿ ತಿಳಿಯುತ್ತಾರೆ.

## ತಡೆಗಟ್ಟುವಿಕೆ

ಅಗತ್ಯವಿಲ್ಲದ ಕ್ಯಾಥೆಟರನ್ನು ಒಂದು ದಿನವೂ ಹೆಚ್ಚಿಗೆ ಇಡದಿರುವುದು ಮುಖ್ಯ ಉಪಾಯ. ಇದು ಇನ್ನೂ ಬೇಕೇ ಎಂಬ ಪ್ರಶ್ನೆಯನ್ನು ಪ್ರತಿದಿನದ ತಪಾಸಣೆಯ ಭಾಗವಾಗಿಸುವುದು ಉತ್ತಮ ಅಭ್ಯಾಸವೆಂದು ಪರಿಗಣಿತವಾಗಿದೆ. ತುದಿಯನ್ನು ಸರಿಯಾದ ಜಾಗದಲ್ಲಿ ಇರಿಸುವುದು, ತೀರಾ ಅವಶ್ಯವಿರುವಷ್ಟೇ ದಪ್ಪದ ಕೊಳವೆ ಬಳಸುವುದು, ಶುಚಿತ್ವ ಕಾಪಾಡುವುದು ಉಳಿದ ಕ್ರಮಗಳು. ದೀರ್ಘಕಾಲ ಡಯಾಲಿಸಿಸ್ ಬೇಕಾಗುವವರಲ್ಲಿ ತೋಳಿನ ಅಪಧಮನಿ ಮತ್ತು ಅಭಿಧಮನಿಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಹೆಚ್ಚು ಸುರಕ್ಷಿತ. 1966ರಲ್ಲಿ ಅಮೆರಿಕದ ಬ್ರೆಶಿಯಾ, ಸಿಮಿನೊ ಮತ್ತು ಸಂಗಡಿಗರು ವರದಿ ಮಾಡಿದ ಈ ಶಸ್ತ್ರಕ್ರಿಯೆಯ ಫಿಸ್ಟುಲಾ ಬಳಕೆಗೆ ಪಕ್ವವಾಗಲು ವಾರಗಳೇ ಬೇಕು. ಮೂತ್ರಪಿಂಡದ ಕಾಯಿಲೆ ತಡವಾಗಿ ಪತ್ತೆಯಾದವರು ಅನಿವಾರ್ಯವಾಗಿ ಕ್ಯಾಥೆಟರಿನಿಂದಲೇ ಡಯಾಲಿಸಿಸ್ ಆರಂಭಿಸಬೇಕಾಗುತ್ತದೆ.

## ಇತಿಹಾಸ

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಪಟ್ಟಣದ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ಅಭಿಧಮನಿಯಲ್ಲಿ ಕೊಳವೆಯನ್ನು ತೂರಿಸಿಕೊಂಡು, ಅದು ಹೃದಯವನ್ನು ಮುಟ್ಟಿದುದನ್ನು ಎಕ್ಸ್-ರೇ ಚಿತ್ರದಲ್ಲಿ ತೋರಿಸಿದರು. ಈ ದಿಕ್ಕಿನ ಸಂಶೋಧನೆಗಾಗಿ ಅವರಿಗೆ 1956ರಲ್ಲಿ ಆಂದ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1953ರಲ್ಲಿ ಸ್ವೀಡನ್ನಿನಲ್ಲಿ ಎರಡು ಬೆಳವಣಿಗೆಗಳಾದವು. ಸ್ವೆನ್-ಇವಾರ್ ಸೆಲ್ಡಿಂಗರ್ ಸೂಜಿಯೊಳಗಿನಿಂದ ತಂತಿ ಹಾಯಿಸಿ, ಅದರ ಮೇಲೆ ಕೊಳವೆಯನ್ನು ಜಾರಿಸುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಕ್ಯಾಥೆಟರ್ ಅಳವಡಿಕೆಗೆ ಇದೇ ಆಧಾರ. ಅದೇ ವರ್ಷ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಶಬ್ದತರಂಗದಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಹೀಗೆ ಹೆಪ್ಪಿಗೆ ಕಾರಣವಾಗಬಲ್ಲ ಕೊಳವೆಯ ಸುಲಭ ಅಳವಡಿಕೆಗೂ, ಆ ಹೆಪ್ಪನ್ನು ಕಾಣಬಲ್ಲ ಉಪಕರಣಕ್ಕೂ ಒಂದೇ ನಾಡಿನಲ್ಲಿ, ಒಂದೇ ವರ್ಷದಲ್ಲಿ ಬುನಾದಿ ಬಿದ್ದಿತು.

## ಭಾರತದಲ್ಲಿ ಕಾನೂನಿನ ಚೌಕಟ್ಟು

ಭಾರತದಲ್ಲಿ ಅಲ್ಟ್ರಾಸೌಂಡ್ ಯಂತ್ರದ ಬಳಕೆಯು ಹೆಣ್ಣುಭ್ರೂಣಹತ್ಯೆಯನ್ನು ತಡೆಯಲು ರೂಪಿಸಿದ 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆಗೆ ಒಳಪಟ್ಟಿದೆ. ಭ್ರೂಣದ ಲಿಂಗವನ್ನು ಗುರುತಿಸಬಲ್ಲ ಯಂತ್ರಗಳು, ಅವನ್ನು ಹೃದಯ ಪರೀಕ್ಷೆಗೆ ಮಾತ್ರ ಬಳಸಿದರೂ, ನೋಂದಣಿಯ ವ್ಯಾಪ್ತಿಗೆ ಬರುತ್ತವೆ. 2012ರ ನಿಯಮಗಳ ತಿದ್ದುಪಡಿಯು ಎತ್ತಿಕೊಂಡು ಹೋಗಬಹುದಾದ ಯಂತ್ರಗಳ ಬಳಕೆಯನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ ಮತ್ತು ಸಂಚಾರಿ ವೈದ್ಯಕೀಯ ಘಟಕಗಳಿಗೆ ಸೀಮಿತಗೊಳಿಸಿತು. ಆದ್ದರಿಂದ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವಿದ್ದರೂ ಅದನ್ನು ಸ್ಟೆತಾಸ್ಕೋಪಿನಂತೆ ಎಲ್ಲೆಂದರಲ್ಲಿ ಒಯ್ದು ಬಳಸುವಂತಿಲ್ಲ.

## ಉತ್ತರ ಕನ್ನಡದ ಮಲೆನಾಡಿನಲ್ಲಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳು ಹಾಸಿಗೆಬದಿಯ ಪರೀಕ್ಷೆಯ ಮಹತ್ವವನ್ನು ಅರಿಯಲು ತಕ್ಕ ಉದಾಹರಣೆ. ಸೋಂದಾ-ಸ್ವರ್ಣವಲ್ಲಿ ಸೀಮೆಯಂಥ ಕಡೆ ಮನೆಗಳು ಅಡಕೆ ತೋಟಗಳ ಅಂಚಿನಲ್ಲಿ ಒಂದರಿಂದೊಂದು ದೂರವಿದ್ದು, ತಾಲೂಕು ಕೇಂದ್ರದ ಆಸ್ಪತ್ರೆಯನ್ನು ಮುಟ್ಟುವುದೇ ಮೊದಲ ಪ್ರಯಾಣ. ಹೃದಯ ಶಸ್ತ್ರಚಿಕಿತ್ಸೆಯಂಥ ಉನ್ನತ ಚಿಕಿತ್ಸೆಗೆ ಜನರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಯಲ್ಲಾಪುರದಿಂದ ಸುಮಾರು 70 ಕಿ.ಮೀ. ದೂರವಿದೆ. ಕರಾವಳಿಯ ಕಡೆಗೆ ಇಳಿಯಲು ದೇವಿಮನೆ, ಅರಬೈಲು ಮುಂತಾದ ಘಟ್ಟಗಳನ್ನು ದಾಟಬೇಕು. 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭಾರಿ ಭೂಕುಸಿತ ಸಂಭವಿಸಿ ರಸ್ತೆ, ಮನೆ, ತೋಟಗಳು ಹಾಳಾದವು.

ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬೇಡಿಕೆಯು 2019ರಲ್ಲಿ ಸಾಮಾಜಿಕ ಜಾಲತಾಣಗಳ ಮೂಲಕ ವ್ಯಾಪಕ ಆಂದೋಲನವಾಯಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟ ಬಳಿಕ ಆ ಬೇಡಿಕೆ ಮತ್ತೆ ಬಲಗೊಂಡಿತು.

ಈ ಪ್ರದೇಶದ ಕೆಲವು ಕಾಯಿಲೆಗಳು ಕ್ಯಾಥೆಟರ್ ಬಳಕೆಗೆ ಕಾರಣವಾಗಬಲ್ಲವು. ಮಳೆಗಾಲದಲ್ಲಿ ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರವೂ, ಕೊಳಕುಮಂಡಲದ ಕಡಿತವೂ ಮೂತ್ರಪಿಂಡಗಳನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ ಡಯಾಲಿಸಿಸ್ ಅನಿವಾರ್ಯಗೊಳಿಸಬಹುದು. ಇಂಥ ರೋಗಿಗಳಲ್ಲಿ ಚಿಕಿತ್ಸೆಯ ಇಕ್ಕಟ್ಟು ಇಮ್ಮಡಿಯಾಗುತ್ತದೆ. ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಇಲಿಜ್ವರದಲ್ಲಿಯೂ, ಸಿದ್ದಾಪುರ ತಾಲೂಕಿನಲ್ಲಿ ಕಾಣಿಸಿಕೊಳ್ಳುವ ಮಂಗನ ಕಾಯಿಲೆಯಲ್ಲಿಯೂ ಪ್ಲೇಟ್‌ಲೆಟ್ ಕಣಗಳು ಕುಸಿದು ರಕ್ತಸ್ರಾವವಾಗಬಹುದು. ಅಂಥವರಿಗೆ ಬರಿಯ ಸಂಶಯದ ಮೇಲೆ ಹೆಪಾರಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಹೆಪ್ಪನ್ನು ಕಣ್ಣಾರೆ ಕಂಡು ನಿರ್ಧರಿಸುವುದಕ್ಕೂ ಊಹೆಯಿಂದ ನಿರ್ಧರಿಸುವುದಕ್ಕೂ ಇರುವ ಅಂತರ ಇಲ್ಲಿ ದೊಡ್ಡದು.

ಸಣ್ಣ ಊರಿನ ಆಸ್ಪತ್ರೆಯಲ್ಲಿ ಅಂತಿಮ ಚಿಕಿತ್ಸೆ ಸಾಧ್ಯವಾಗದಿದ್ದರೂ ಹಾಸಿಗೆಬದಿಯ ಪರೀಕ್ಷೆಯಿಂದ ಮೂರು ಪ್ರಯೋಜನಗಳಿವೆ. ಒಂದು, ಕ್ಯಾಥೆಟರನ್ನು ಅವಸರದಿಂದ ಎಳೆಯುವ ಅಪಾಯ ತಪ್ಪುತ್ತದೆ. ಎರಡು, ರೋಗಿಯನ್ನು ಯಾವ ಊರಿಗೆ, ಎಷ್ಟು ತುರ್ತಾಗಿ, ಯಾರ ಜೊತೆಯಲ್ಲಿ ಕಳುಹಿಸಬೇಕೆಂದು ನಿರ್ಧರಿಸಲು ಆಧಾರ ಸಿಗುತ್ತದೆ. ಮೂರು, ಚಿತ್ರದ ತುಣುಕನ್ನು ಮುಂಚಿತವಾಗಿ ಕಳುಹಿಸಿದರೆ ದೊಡ್ಡ ಆಸ್ಪತ್ರೆಯ ತಜ್ಞರು ರೋಗಿ ಬರುವಷ್ಟರಲ್ಲಿ ಸಿದ್ಧರಾಗಿರಬಹುದು. ಹೆಪ್ಪು ಕಾಣದಿದ್ದರೂ ಸಂಶಯ ಉಳಿದಿದ್ದರೆ, ಆ ಸಂಶಯವನ್ನು ಚೀಟಿಯಲ್ಲಿ ಬರೆದು ಕಳುಹಿಸುವುದು ಅಷ್ಟೇ ಮುಖ್ಯ. ಮುಂದಿನ ವೈದ್ಯರು ಅನ್ನನಾಳದ ಎಕೋ ಮಾಡಬೇಕೆಂದು ನಿರ್ಧರಿಸುವುದಕ್ಕೆ ಅದೇ ಆಧಾರವಾಗುತ್ತದೆ.

## ಇವನ್ನೂ ನೋಡಿ

* ಹೃದಯ
* ರಕ್ತ ಹೆಪ್ಪುಗಟ್ಟುವಿಕೆ
* ಡಯಾಲಿಸಿಸ್
* ಶ್ರವಣಾತೀತ ಧ್ವನಿ
* ಮಂಗನ ಕಾಯಿಲೆ
* ಉತ್ತರ ಕನ್ನಡ ಜಿಲ್ಲೆ